ಟ್ಯಾಂಕಿಗೆ ಸಮಯ ಕೊಡುವ ಬ್ರೂವರಿಗಳು

ನಿಮ್ಮ ಪ್ರಶ್ನೆ ಇಷ್ಟು: ದಾವಣಗೆರೆಯಿಂದ ಬೆಂಗಳೂರಿಗೆ ಬಂದು ಆರು ತಿಂಗಳಾಯಿತು, ಈಗಷ್ಟೇ ಕ್ರಾಫ್ಟ್ ಬಿಯರ್ ರುಚಿ ಹತ್ತಿದೆ, ಮುಂದಿನ ಒಂದು ವರ್ಷ ಯಾವ ಸಣ್ಣ ಬ್ರೂವರಿಗಳ ಮೇಲೆ ಕಣ್ಣಿಡಬೇಕು?

ಮೊದಲು ಹೆಸರುಗಳನ್ನೇ ಹೇಳಿಬಿಡುತ್ತೇನೆ. ಬೆಂಗಳೂರಿನ ಗೈಸ್ಟ್, ಪುಣೆಯ ಗ್ರೇಟ್ ಸ್ಟೇಟ್ ಏಲ್‌ವರ್ಕ್ಸ್, ಗೋವಾದ ಗೋವಾ ಬ್ರೂಯಿಂಗ್ ಕಂಪನಿ. ಇವುಗಳ ಜೊತೆಗೆ, ಯಾರು ಮಾಡಿದರೂ ಸರಿ, ರಾಗಿ ಬಿಯರ್. ಯಾಕೆ ಅಂತ ಹೇಳಬೇಕಾದರೆ ನಾನು ಹೇಗೆ ಆರಿಸುತ್ತೇನೆ ಅನ್ನುವುದನ್ನು ಮೊದಲು ಹೇಳಬೇಕು.

ನಾನು ಹಾಲಿನ ಡೇರಿಯೊಂದರಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ ಮಾಡುವವನು. ಮೂಗು ಮತ್ತು ನಾಲಿಗೆಯೇ ನನ್ನ ಅರ್ಧ ಸಂಬಳ. ಕೆಲವು ವರ್ಷಗಳ ಹಿಂದೆ ಊರಾಚೆ ಹೊಸದಾಗಿ ಶುರುವಾಗಿದ್ದ ಒಂದು ದೊಡ್ಡ ಜಾಗಕ್ಕೆ ಗೆಳೆಯರ ಜೊತೆ ಹೋಗಿದ್ದೆ. ಕೃತಕ ಜಲಪಾತ, ಮೂರು ಮಹಡಿ, ಸಾವಿರ ಜನ. ಲಾಗರ್, ಅಂದರೆ ತಣ್ಣಗೆ ಹುದುಗಿಸುವ ತಿಳಿ ಬಿಯರ್, ತರಿಸಿ ಮೂಗಿನ ಹತ್ತಿರ ಹಿಡಿದರೆ ಬೆಣ್ಣೆಯ ವಾಸನೆ. ಆ ವಾಸನೆ ನನಗೆ ದಿನನಿತ್ಯದ್ದು, ಅದರ ಹೆಸರು ಡೈಅಸಿಟೈಲ್. ಬೆಣ್ಣೆಗೆ ಅದು ಬೇಕು. ಲಾಗರಿಗೆ ಬೇಡ.

ಇದು ಎಲ್ಲಿಂದ ಬರುತ್ತದೆ ಅಂದರೆ, ಯೀಸ್ಟ್ ಸಕ್ಕರೆ ತಿಂದು ಮದ್ಯ ಮಾಡುವಾಗ ದಾರಿಯಲ್ಲಿ ಡೈಅಸಿಟೈಲ್ ಕೂಡ ಹುಟ್ಟುತ್ತದೆ. ಕೊನೆಗೆ ಎರಡು ಮೂರು ದಿನ ಸ್ವಲ್ಪ ಬೆಚ್ಚಗೆ ಬಿಟ್ಟರೆ ಅದೇ ಯೀಸ್ಟ್ ಅದನ್ನು ವಾಪಸ್ ತಿಂದುಬಿಡುತ್ತದೆ. ಶನಿವಾರದ ಜನಕ್ಕೆ ಬಿಯರ್ ಸಾಲದು ಅಂತ ಗುರುವಾರವೇ ತಣ್ಣಗೆ ಮಾಡಿ ನಲ್ಲಿಗೆ ಹಾಕಿದರೆ ಬೆಣ್ಣೆ ಲೋಟದಲ್ಲೇ ಉಳಿಯುತ್ತದೆ. (ಕೊಳಾಯಿಯ ಪೈಪು ತೊಳೆಯದಿದ್ದರೂ ಇದೇ ವಾಸನೆ ಬರುತ್ತದೆ, ಆದರೆ ಆಗ ಹುಳಿಯೂ ಸೇರಿರುತ್ತದೆ.) ಮನೆಯಲ್ಲಿ ದೋಸೆ ಹಿಟ್ಟು ಹುಳಿ ಬರುವ ಮೊದಲೇ ಕಾವಲಿಗೆ ಹುಯ್ದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬೆಣ್ಣೆ ದೋಸೆಯ ಊರಿನವರು ನೀವು.

ಅಂದಿನಿಂದ ನಾನು ಯಾವ ಬ್ರೂವರಿಗೆ ಹೋದರೂ ನೋಡುವುದು ಒಂದನ್ನೇ: ಇವರು ಬಿಯರ್ ಹುದುಗುವ ಟ್ಯಾಂಕಿಗೆ ಸಮಯ ಕೊಡುತ್ತಾರಾ?

ಬೆಂಗಳೂರಿನ ಯಾವುದೇ ಬ್ರೂಪಬ್ಬಿನ (ಬಿಯರನ್ನು ಅಲ್ಲೇ ಕಾಯಿಸಿ ಕೊಡುವ ಪಬ್ಬಿನ) ಪಟ್ಟಿ ತೆಗೆಯಿರಿ, ಮೊದಲಿಗೆ ಗೋಧಿ ಬಿಯರ್ ಇರುತ್ತದೆ. ಬಾಳೆಹಣ್ಣು, ಲವಂಗದ ಘಮದ ಜರ್ಮನ್ ಹೆಫೆವೈಜನ್, ಇಲ್ಲವೇ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕಿದ ಬೆಲ್ಜಿಯನ್ ವಿಟ್. ಕಹಿ ಕಡಿಮೆ, ಹೊಸಬರಿಗೂ ಇಷ್ಟವಾಗುತ್ತದೆ. ನಾನೂ ಖುಷಿಯಿಂದ ಕುಡಿಯುತ್ತೇನೆ. ಆದರೆ ಇನ್ನೊಂದು ಕಾರಣವೂ ಇದೆ: ಅದು ಎರಡು ಮೂರು ವಾರಕ್ಕೆ ತಯಾರು. ಮಂಜು ಮಂಜಾಗಿ ಇರುವುದೇ ಅದರ ಲಕ್ಷಣವಾದ್ದರಿಂದ ತಿಳಿಯಾಗಲಿ ಅಂತ ಕಾಯಬೇಕಿಲ್ಲ, ಸಣ್ಣಪುಟ್ಟ ತಪ್ಪುಗಳನ್ನು ಲವಂಗದ ಘಮವೇ ಮುಚ್ಚಿಹಾಕುತ್ತದೆ. ಲಾಗರ್ ಹಾಗಲ್ಲ. ತಣ್ಣಗಿನ ಟ್ಯಾಂಕಿನಲ್ಲಿ ನಾಲ್ಕರಿಂದ ಆರು ವಾರ ಕೂರಬೇಕು. ಒಂದು ಲಾಗರ್ ಆಗುವಷ್ಟರಲ್ಲಿ ಅದೇ ಟ್ಯಾಂಕಿನಿಂದ ಎರಡು ಸಲ ಗೋಧಿ ಬಿಯರ್ ತೆಗೆದು ಮಾರಬಹುದು. ಇಂದಿರಾನಗರದ ಬಾಡಿಗೆ ಕಟ್ಟುವವರಿಗೆ ಇದು ಸಣ್ಣ ಲೆಕ್ಕವಲ್ಲ. ಹಾಗಿದ್ದೂ ಒಬ್ಬರು ಲಾಗರ್ ಜಾತಿಯ ಪಿಲ್ಸ್‌ನರ್ ಮಾಡಿ, ತಿಳಿಯಾಗುವವರೆಗೆ ಕಾದು, ಶುದ್ಧವಾಗಿ ಕೊಟ್ಟರೆ ಅವರ ಉಳಿದ ಬಿಯರುಗಳನ್ನು ನಾನು ಕಣ್ಣು ಮುಚ್ಚಿ ನಂಬುತ್ತೇನೆ.

ಈಗ ಗೈಸ್ಟ್ ವಿಷಯ. ಅದನ್ನು ಕಟ್ಟಿದವರಲ್ಲೊಬ್ಬರಾದ ನಾರಾಯಣ್ ಮಾನೇಪಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಎಂಜಿನಿಯರ್ ಆಗಿದ್ದು, ಅಲ್ಲೇ ಮನೆಯಲ್ಲಿ ಬಿಯರ್ ಕಾಯಿಸುವ ಹುಚ್ಚು ಹಿಡಿಸಿಕೊಂಡು ಬಂದವರು. ಇಲ್ಲಿ ಸ್ವಂತ ಬ್ರೂವರಿ ಇಲ್ಲದ ದಿನಗಳಲ್ಲಿ ಗೈಸ್ಟ್ ಬಿಯರನ್ನು ಬೆಲ್ಜಿಯಂನಲ್ಲಿ ಮಾಡಿಸಿ ತರಿಸುತ್ತಿದ್ದರು. ಹಳೇ ಮದ್ರಾಸ್ ರಸ್ತೆಯ ಕಡೆ ಸ್ವಂತ ಬ್ರೂವರಿ ಎದ್ದದ್ದು ಆಮೇಲೆ, ಎಷ್ಟೋ ವರ್ಷ ಕಾದ ಮೇಲೆ. ಗೈಸ್ಟ್ ನನಗೆ ಮುಖ್ಯವಾಗುವುದು ಅದರ ರೀತಿಯಿಂದ. ನಮ್ಮ ರಾಜ್ಯದಲ್ಲಿ ಮೈಕ್ರೋಬ್ರೂವರಿ ಲೈಸೆನ್ಸಿನಲ್ಲಿ ಕಾಯಿಸಿದ ಬಿಯರ್ ಸಾಮಾನ್ಯವಾಗಿ ಅಲ್ಲೇ ಕೂತು ಕುಡಿದು ಮುಗಿಯಬೇಕು. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಟ್ಯಾಂಕುಗಳಲ್ಲಿ ಬಿಯರ್ ಕೊಳೆಯುತ್ತಿದ್ದಾಗ ಸರ್ಕಾರ ಸ್ವಲ್ಪ ಕಾಲ ಪಾರ್ಸೆಲ್ಲಿಗೆ ಬಿಟ್ಟಿತ್ತು, ನೆನಪಿರಬಹುದು. ಗೈಸ್ಟ್ ಹಾಗಲ್ಲ, ಅದು ಬಿಯರನ್ನು ಕೆಗ್ಗಿನಲ್ಲಿ (ಉಕ್ಕಿನ ಪೀಪಾಯಿಯಲ್ಲಿ) ತುಂಬಿ ಊರಿನ ಬೇರೆ ಬೇರೆ ಪಬ್ಬುಗಳಿಗೆ ಕಳಿಸುವ ಬ್ರೂವರಿ. ಅಂದರೆ ನಮ್ಮ ಡೇರಿಯ ಕಷ್ಟವೇ ಅವರದ್ದೂ: ಬ್ರೂವರಿಯಿಂದ ಲೋಟದವರೆಗೆ ತಂಪು ಎಲ್ಲೂ ತಪ್ಪಬಾರದು. ಟ್ಯಾಂಕು ಕಣ್ಣೆದುರಿಗೇ ಇದ್ದಾಗ ಒಳ್ಳೆಯ ಬಿಯರ್ ಕೊಡುವುದು ಒಂದು, ಹದಿನೈದು ಕಿಲೋಮೀಟರ್ ಟ್ರಾಫಿಕ್ಕಿನಲ್ಲಿ ಸಾಗಿಸಿ ಇನ್ನೊಬ್ಬರ ನಲ್ಲಿಯಲ್ಲಿ ಅದೇ ರುಚಿ ಉಳಿಸುವುದು ಇನ್ನೊಂದು. ಅವರ ವಿಟ್ಟಿ ವಿಟ್ ಮತ್ತು ಕಪ್ಪು ಬಣ್ಣದ ಅಂಕಲ್ ಡಂಕಲ್ ಎರಡನ್ನೂ ನಾನು ಬೇರೆ ಬೇರೆ ಕಡೆ ಕುಡಿದು ಹೋಲಿಸಿದ್ದೇನೆ, ರುಚಿ ಒಂದೇ ತೆರನಾಗಿತ್ತು. ಸಾಧ್ಯವಾದರೆ ಒಂದು ಸಲ ಹಳೇ ಮದ್ರಾಸ್ ರಸ್ತೆಯ ಬ್ರೂವರಿಗೇ ಹೋಗಿ ಕುಡಿಯಿರಿ, ಆಮೇಲೆ ಊರೊಳಗಿನ ಒಂದು ಪಬ್ಬಿನಲ್ಲಿ ಅದನ್ನೇ ತರಿಸಿ. ವ್ಯತ್ಯಾಸ ಗೊತ್ತಾದರೆ ಅದು ಪಬ್ಬಿನವರ ಪೈಪಿನದ್ದು.

ಪುಣೆಯ ಹೆಸರು ಯಾಕೆ ತಂದೆ ಅಂದರೆ, ಈ ಕಥೆಯಲ್ಲಿ ಪುಣೆ ನಮಗಿಂತ ಮುಂದೆ ನಡೆದ ಊರು. ಡೂಲಾಲಿ ಅನ್ನುವ ಬ್ರೂಪಬ್ ಶುರುವಾದದ್ದು ಅಲ್ಲಿ, 2009ರಲ್ಲಿ. ನಮ್ಮ ಇಂದಿರಾನಗರದ ಬ್ರೂಪಬ್ ಟಾಯಿಟ್ 2010ರದ್ದು. ಅದೇ ಪುಣೆಯಲ್ಲಿ ನಕುಲ್ ಭೋಂಸ್ಲೆಯವರ ಗ್ರೇಟ್ ಸ್ಟೇಟ್ ಏಲ್‌ವರ್ಕ್ಸ್ ಇದೆ. ಕಟ್ಟಡದ ಹೊಳಪಿಗಿಂತ ಬಿಯರಿಗೆ ಮನಸ್ಸು ಕೊಟ್ಟ ಬ್ರೂವರಿ ಇದು, ಕೆಗ್ಗುಗಳು ಪುಣೆ, ಮುಂಬೈಯ ಬಾರುಗಳಿಗೆ ಹೋಗುತ್ತವೆ. ಕೆಲಸದ ಮೇಲೆ ಪುಣೆಗೆ ಹೋದಾಗಲೆಲ್ಲ ನಾನು ಹುಡುಕುವ ನಲ್ಲಿ ಅವರದ್ದು. ಬೆಂಗಳೂರಿನಲ್ಲಿ ಕೂತು ಇದನ್ನು ಕುಡಿಯುವುದು ಕಷ್ಟ, ಯಾಕೆಂದರೆ ಪ್ರತಿ ರಾಜ್ಯದ ಅಬಕಾರಿಯೂ ಬೇರೆ ದೇಶದಂತೆ. ಲೇಬಲ್ ನೋಂದಣಿ, ಸುಂಕ, ಪರ್ಮಿಟ್ ಎಲ್ಲ ಹೊಸದಾಗಿ ಆಗಬೇಕು. ಸಣ್ಣ ಬ್ರೂವರಿಗೆ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಕಾಳಿನ) ಖರ್ಚಿಗಿಂತ ಇದೇ ಭಾರ. ರೈಲು ಹತ್ತಿ ಹೋಗಿ.

ಗೋವಾದವರು ಡಬ್ಬಿಯ ದಾರಿ ಹಿಡಿದರು. ಸೂರಜ್ ಶೆಣೈ ಅವರ ಗೋವಾ ಬ್ರೂಯಿಂಗ್ ಕಂಪನಿ ಸಾಂಗೋಲ್ಡಾದಲ್ಲಿದೆ, ಅವರ ಏಟ್ ಫಿಂಗರ್ ಎಡ್ಡಿ ಒಂದು ಐಪಿಎ, ಅಂದರೆ ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂವು) ಧಾರಾಳವಾಗಿ ಹಾಕಿದ ಏಲ್; ಏಲ್ ಅಂದರೆ ಲಾಗರಿಗಿಂತ ಬೆಚ್ಚಗೆ ಹುದುಗಿಸುವ ಬಿಯರ್. ಹೆಸರು ಅಂಜುನಾದಲ್ಲಿ ನೆಲೆಸಿದ್ದ ಹಳೆಯ ಹಿಪ್ಪಿಯೊಬ್ಬರದ್ದು. ಗೋವಾದ ಇನ್ನೊಂದು ಬಿಯರ್ ಮಾಕಾ ದಿ. ಕೊಂಕಣಿ ಬಲ್ಲವರಿಗೆ ಅರ್ಥ ಹೇಳಬೇಕಿಲ್ಲ, ಉಳಿದವರಿಗೆ: 'ನನಗೆ ಕೊಡು'. ಅದನ್ನು ಮಾಡುವ ಕಂಪನಿ ಡಿಚೋಲಿ ತಾಲ್ಲೂಕಿನ ಲಾಟಂಬಾರ್ಸೆಂ ಅನ್ನುವ ಊರಿನ ಹೆಸರನ್ನೇ ಇಟ್ಟುಕೊಂಡಿದೆ. ಡಬ್ಬಿ ಕೊಳ್ಳುವಾಗ ಒಂದು ಕೆಲಸ ತಪ್ಪದೆ ಮಾಡಿ. ತಿರುಗಿಸಿ ತಾರೀಖು ನೋಡಿ. ಐಪಿಎಯ ಪ್ರಾಣ ಹಾಪ್ಸ್‌ನ ಘಮ, ಅದು ತಿಂಗಳು ತಿಂಗಳಿಗೆ ಕರಗುತ್ತದೆ, ಬಿಸಿಲಲ್ಲಿ ಇಟ್ಟಿದ್ದರೆ ಇನ್ನೂ ಬೇಗ. ಘಟ್ಟ ಹತ್ತಿ ಬಂದ ಲಾರಿಯಿಂದ ಇಳಿದು ಅಂಗಡಿಯ ಫ್ರಿಜ್ಜಿನ ಹೊರಗೆ ಆರು ತಿಂಗಳು ಕೂತ ಡಬ್ಬಿ ಕುಡಿದು 'ಐಪಿಎ ನನಗೆ ಆಗಲ್ಲ' ಅಂದವರನ್ನು ನಾನು ಬಲ್ಲೆ. ಅವರಿಗೆ ಹೊಸ ಡಬ್ಬಿ ಕುಡಿಸಿದ ಮೇಲೆ ಮಾತು ಬದಲಾಯಿತು.

ಟಾಯಿಟ್, ವಿಂಡ್‌ಮಿಲ್ಸ್, ಆರ್ಬರ್ ಇವನ್ನು ನಿಮ್ಮ ಪಟ್ಟಿಗೆ ಸೇರಿಸಲಿಲ್ಲ, ಅವು ಈಗ ಸಣ್ಣವಲ್ಲ. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಅಮೆರಿಕದ ಟೆಕ್ಸಾಸ್‌ನಲ್ಲೂ ಬಾಗಿಲು ತೆಗೆದಿದೆ. ಮಿಷಿಗನ್ನಿನ ಆನ್ ಆರ್ಬರ್‌ನಲ್ಲಿ ಓದಿದ ಗೌರವ್ ಸಿಕ್ಕಾ ಅವರು ಅಲ್ಲಿನ ಆರ್ಬರ್ ಬ್ರೂವರಿಯ ಹೆಸರನ್ನೇ 2012ರಲ್ಲಿ ಮ್ಯಾಗ್ರಾತ್ ರಸ್ತೆಗೆ ತಂದರು, ಆಮೇಲೆ ಗೋವಾದಲ್ಲೂ ಬಿಯರ್ ಮಾಡತೊಡಗಿದರು. ಆದರೂ ನೀವು ಕಲಿಯಬೇಕಾದ್ದು ಇಲ್ಲೇ. ಟಾಯಿಟ್‌ನ ಬಾಸ್ಮತಿ ಬ್ಲಾಂಡ್ ಕುಡಿದು ನೋಡಿ, ಅಕ್ಕಿ ಹಾಕಿದರೆ ಬಿಯರಿನ ಮೈ ಎಷ್ಟು ಹಗುರಾಗುತ್ತದೆ ಅಂತ ಒಂದೇ ಗುಟುಕಿಗೆ ತಿಳಿಯುತ್ತದೆ. ಇನ್ನೊಂದು ಮಾತು: ನಾಳೆಯ ಸಣ್ಣ ಬ್ರೂವರಿಗಳ ಬ್ರೂವರುಗಳು ಇಂದು ಇಂಥ ಕಡೆಯೇ ಬೂಟು ಹಾಕಿಕೊಂಡು ಟ್ಯಾಂಕು ತೊಳೆಯುತ್ತಿದ್ದಾರೆ. ಬ್ರೂವರಿ ಹೊಸದಾದರೆ ನಾನು ಮೊದಲು ಕೇಳುವುದು ಬ್ರೂವರ್ ಎಲ್ಲಿಂದ ಬಂದರು ಅಂತ. ಒಳ್ಳೆಯ ಬ್ರೂವರ್ ಬಿಟ್ಟು ಹೋದ ಜಾಗದಲ್ಲಿ ನಾಲ್ಕೇ ತಿಂಗಳಿಗೆ ರುಚಿ ಇಳಿದದ್ದನ್ನು ಕಂಡಿದ್ದೇನೆ, ಅದೇ ಪಾತ್ರೆ, ಅದೇ ಮಾಲ್ಟ್.

ಬೆಂಗಳೂರಿಗೆ ಈ ವಿಷಯದಲ್ಲಿ ಒಂದು ಹಳೆಯ ಬಾಕಿಯೂ ಇದೆ. ಕಿರಣ್ ಮಜುಂದಾರ್ ಷಾ ಆಸ್ಟ್ರೇಲಿಯಾದ ಬಲ್ಲಾರಟ್‌ನಲ್ಲಿ ಓದಿ 1975ರಲ್ಲಿ ಬ್ರೂಮಾಸ್ಟರ್ ಆಗಿ ಬಂದರು. ತಂದೆಯೂ ಇದೇ ಊರಿನಲ್ಲಿ ಬ್ರೂಮಾಸ್ಟರ್. ಆದರೂ ಹೆಂಗಸು ಅನ್ನುವ ಕಾರಣಕ್ಕೆ ದೇಶದ ಬ್ರೂವರಿಗಳು ಅವರಿಗೆ ಆ ಕುರ್ಚಿ ಕೊಡಲಿಲ್ಲ. 1978ರಲ್ಲಿ ಅವರು ಬಯೋಕಾನ್ ಕಟ್ಟಿದಾಗ ಮೊದಲು ತೆಗೆದ ಸರಕುಗಳಲ್ಲಿ ಒಂದು ಮೀನಿನಿಂದ ಬರುವ ಐಸಿಂಗ್ಲಾಸ್, ಬಿಯರನ್ನು ತಿಳಿಯಾಗಿಸುವ ವಸ್ತು. ಇಂದು ಈ ಊರಿನ ಬ್ರೂವರಿಗಳಲ್ಲಿ ಹೆಣ್ಣುಮಕ್ಕಳು ಮುಖ್ಯ ಬ್ರೂವರ್ ಆಗಿ ನಿಂತು ಕೆಲಸ ನಡೆಸುವುದನ್ನು ನೋಡಿದಾಗ ನನಗೆ ಬಹಳ ಸಂತೋಷವಾಗುತ್ತದೆ. ಮುಂದಿನ ವರ್ಷ ಅವರಲ್ಲಿ ಯಾರಾದರೂ ಸ್ವಂತ ಹೆಸರಿನಲ್ಲಿ ಬಾಗಿಲು ತೆಗೆದರೆ ಮೊದಲ ದಿನವೇ ಹೋಗುವವರಲ್ಲಿ ನಾನೊಬ್ಬ.

ಇನ್ನು ರಾಗಿ. ಇದರ ಬಗ್ಗೆ ನನಗೆ ತುಂಬಾ ಆಸೆ ಇದೆ.

ನಮ್ಮ ಬ್ರೂವರಿಗಳ ಒಳ್ಳೆಯ ಮಾಲ್ಟ್ ಹೆಚ್ಚಾಗಿ ಯುರೋಪಿನಿಂದ ಬರುತ್ತದೆ. ಹಾಪ್ಸ್ ಜರ್ಮನಿ, ಅಮೆರಿಕ, ಜೆಕ್ ದೇಶದ್ದು. ರಾಜಸ್ಥಾನ, ಹರಿಯಾಣದ ಬಾರ್ಲಿಯೂ ಇದೆ, ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸ್ವಲ್ಪ ಹಾಪ್ಸ್ ಕೂಡ ಬೆಳೆಯುತ್ತಾರೆ. ಆದರೆ ಕರ್ನಾಟಕದ ನೆಲದ್ದು ಅಂತ ಲೋಟದಲ್ಲಿ ಇರುವುದು ಬಹುಪಾಲು ನೀರು ಮಾತ್ರ. ಚಿಕ್ಕಮಗಳೂರಿನ ಕಾಫಿ ಸ್ಟೌಟ್ ಅನ್ನುವ ಕಪ್ಪು ಬಿಯರಿಗೆ ಬೀಳುತ್ತದೆ, ಬೇಸಿಗೆಯಲ್ಲಿ ಮಾವು ಬೀಳುತ್ತದೆ. ಅವು ಮೇಲೊಗರ. ಕಾಳು ನಮ್ಮದಾಗಬೇಕು. ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಮಗುವಿಗೆ ಸರಿ ಮಾಡುವ ನಮ್ಮ ಅಮ್ಮಂದಿರು ಮಾಡಿದ್ದು ಮಾಲ್ಟಿಂಗ್ ಅಲ್ಲದೆ ಮತ್ತೇನು? ಮೊಳಕೆಯೊಡೆದ ರಾಗಿಯಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಚೆನ್ನಾಗಿಯೇ ಇರುತ್ತದೆ. ಸಿಕ್ಕಿಂ ಕಡೆ ಇದೇ ರಾಗಿಯನ್ನು ಹುದುಗಿಸಿ, ಬಿದಿರಿನ ಪಾತ್ರೆಗೆ ತುಂಬಿ, ಬಿಸಿನೀರು ಹುಯ್ದು, ಕೊಳವೆಯಲ್ಲಿ ಹೀರುವ ತೋಂಗ್ಬಾ ಎಷ್ಟೋ ತಲೆಮಾರಿನಿಂದ ಬಂದದ್ದು.

ಹಾಗಾದರೆ ಇಲ್ಲಿ ಯಾಕೆ ಕಷ್ಟ? ಒಂದು, ರಾಗಿಗೆ ಬಾರ್ಲಿಯಂಥ ಹೊಟ್ಟಿಲ್ಲ. ಕಾಳು ಬೆಂದ ಮೇಲೆ ಸಿಹಿ ನೀರನ್ನು ಸೋಸಿ ಇಳಿಸುವಾಗ ಬಾರ್ಲಿಯ ಹೊಟ್ಟೇ ಜರಡಿಯಾಗಿ ಕೂರುತ್ತದೆ. ರಾಗಿ ಹೆಚ್ಚಾದರೆ ಪಾತ್ರೆಯಲ್ಲಿ ಮುದ್ದೆಯ ಹಾಗೆ ಕಚ್ಚಿಕೊಂಡು ಹನಿಯೂ ಇಳಿಯುವುದಿಲ್ಲ. ಎರಡು, ರಾಗಿಯ ಪಿಷ್ಟ ಬೇಯಲು ಬಾರ್ಲಿಗಿಂತ ಹೆಚ್ಚು ಬಿಸಿ ಬೇಕು, ಆ ಬಿಸಿಗೆ ಕಿಣ್ವಗಳು ಸಾಯುತ್ತವೆ. ಹಾಗಾಗಿ ರಾಗಿಯನ್ನು ಬೇರೆಯೇ ಬೇಯಿಸಿ, ಆರಿಸಿ, ಬಾರ್ಲಿ ಮಾಲ್ಟಿನ ಜೊತೆ ಸೇರಿಸಬೇಕು. ಮತ್ತೆ ಅದೇ ಸಮಯದ ಪ್ರಶ್ನೆ. ಬೆಂಗಳೂರಿನಲ್ಲಿ ರಾಗಿ ಹಾಕಿದ ಬಿಯರ್ ಆಗೀಗ ಒಂದೊಂದು ಟ್ಯಾಂಕಿನಲ್ಲಿ ಕಾಣಿಸಿಕೊಂಡು ಮಾಯವಾಗುತ್ತದೆ, ರಾಜ್ಯೋತ್ಸವದ ಸುತ್ತಮುತ್ತ ಕೇಳಿ ನೋಡಿ. ಅದನ್ನು ವರ್ಷವಿಡೀ ನಲ್ಲಿಯಲ್ಲಿ ಇಡುವ ಧೈರ್ಯ ಯಾವ ಬ್ರೂವರಿ ಮಾಡುತ್ತದೋ, ಅದರ ಹೆಸರನ್ನು ಈ ಉತ್ತರದ ಮೊದಲ ಸಾಲಿಗೆ ನಾನೇ ಸೇರಿಸುತ್ತೇನೆ.

ನೀವು ಶುರು ಮಾಡುವ ಕ್ರಮ ಹೇಳುತ್ತೇನೆ. ವಾರದ ನಡುವೆ, ಸಂಜೆ ಐದಕ್ಕೇ ಹೋಗಿ. ಜನ ಕಡಿಮೆ ಇರುತ್ತಾರೆ, ಬ್ರೂವರ್ ಕೂಡ ಇರುವ ಹೊತ್ತು. ದೊಡ್ಡ ಲೋಟ ಬೇಡ, ಸ್ಯಾಂಪ್ಲರ್ ಅಂತ ಸಣ್ಣ ಲೋಟಗಳ ತಟ್ಟೆ ಕೇಳಿ. ಮೊದಲು ಲಾಗರ್, ಆಮೇಲೆ ಗೋಧಿ, ಕಹಿಯದ್ದು ಮತ್ತು ಕಪ್ಪಗಿನದು ಕೊನೆಗೆ. 'ಈ ಲಾಗರ್ ಟ್ಯಾಂಕಿಗೆ ಹೋಗಿ ಎಷ್ಟು ದಿನ ಆಯ್ತು?' ಅಂತ ಕೇಳಿ. ಕೆಲಸದಲ್ಲಿ ಪ್ರೀತಿ ಇರುವ ಬ್ರೂವರ್ ಹತ್ತು ನಿಮಿಷ ನಿಂತು ಮಾತಾಡುತ್ತಾರೆ, ಪುರಸೊತ್ತಿದ್ದರೆ ಒಳಗೆ ಕರೆದು ತೋರಿಸುತ್ತಾರೆ. ಗಾಡಿ ಮನೆಯಲ್ಲೇ ಬಿಡಿ. ನೇರಳೆ ಮೆಟ್ರೋ ಒಂದರಲ್ಲೇ ಎಂ.ಜಿ. ರಸ್ತೆಯಲ್ಲಿ ಇಳಿದರೆ ಆರ್ಬರ್, ಇಂದಿರಾನಗರದಲ್ಲಿ ಟಾಯಿಟ್, ವೈಟ್‌ಫೀಲ್ಡ್ ಕಡೆ ಹೋಗಿ ಆಟೋ ಹಿಡಿದರೆ ವಿಂಡ್‌ಮಿಲ್ಸ್. ಗೈಸ್ಟ್‌ಗೆ ಮಾತ್ರ ಕ್ಯಾಬ್ ಮಾಡಿಕೊಳ್ಳಿ. ಹೋಗಿ ಬಂದು ಅಲ್ಲಿನ ಲಾಗರ್ ಹೇಗಿತ್ತು ಅಂತ ಇಲ್ಲೇ ಕೆಳಗೆ ಬರೆಯಿರಿ, ನಾನು ಓದುತ್ತೇನೆ.