ತಿಪಟೂರಿನ ಕೊಬ್ಬರಿ ಮಂಡಿ ಸಾಫ್ಟ್‌ವೇರ್: ಯಾವ ಪುಸ್ತಕ ಮೊದಲು?

ತಂಡ ನಡೆಸುವ ಬಗೆಗಿನ ಪುಸ್ತಕಗಳ ಪಟ್ಟಿ ಕಳಿಸಿ ಯಾವುದನ್ನು ಮೊದಲು ಓದಲಿ ಎಂದು ಕೇಳಿದ್ದೀರಿ; ಓದಲು ಕೂತರೆ ನಿದ್ದೆ ಬರುತ್ತದೆ, ತಂಡಕ್ಕೆ ಇನ್ನಿಬ್ಬರನ್ನು ಸೇರಿಸಬೇಕೆಂದಿದ್ದೇನೆ ಎಂದೂ ಹೇಳಿದ್ದೀರಿ. ಪುಸ್ತಕ ತಂದರೂ ಕೆಲಸ ಬದಲಾಗದಿರುವುದಕ್ಕೆ ಕಾರಣ ಬಹುಶಃ ಆಯ್ಕೆಯೇ. ನಿಮ್ಮ ಪಟ್ಟಿಯಲ್ಲಿರುವುದೆಲ್ಲ ಬಂಡವಾಳ ಎತ್ತುವವರಿಗೆ ಬರೆದವು. ನಿಮ್ಮದು ಕೊಬ್ಬರಿ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ನಾಲ್ವರ ತಂಡ, ತೊಂದರೆ ಇರುವುದು ತಡವಾಗುತ್ತಿರುವ ಹೊಸ ಆವೃತ್ತಿಯಲ್ಲಿ.

ಮೊದಲು, ಐಬಿಎಂ ಕಂಪನಿಯಲ್ಲಿ ದೊಡ್ಡ ಸಾಫ್ಟ್‌ವೇರ್ ಕೆಲಸ ನಡೆಸಿದ್ದ ಫ್ರೆಡ್ ಬ್ರೂಕ್ಸ್ ಅವರ ‘ದ ಮಿಥಿಕಲ್ ಮ್ಯಾನ್-ಮಂತ್’ (1975) ತೆಗೆದುಕೊಳ್ಳಿ. ಸದ್ಯಕ್ಕೆ ಎರಡನೇ ಅಧ್ಯಾಯ ಸಾಕು. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ: ಹಳಬರ ಸಮಯ ಕಲಿಸುವುದರಲ್ಲೇ ಹೋಗುತ್ತದೆ, ನಾಲ್ವರು ಆರು ಜನರಾದರೆ ಪರಸ್ಪರ ಮಾತಾಡಬೇಕಾದ ಜೋಡಿಗಳು 6ರಿಂದ 15ಕ್ಕೆ ಏರುತ್ತವೆ. ನೀವು ಸೇರಿಸಬೇಕೆಂದಿರುವ ಆ ಇಬ್ಬರನ್ನು ಈ ಆವೃತ್ತಿ ಹೊರಬಂದ ಮೇಲೆ ಕರೆಯಿರಿ. ಅದೇ ಅಧ್ಯಾಯದ ಲೆಕ್ಕದಲ್ಲಿ ನಿಮ್ಮ ವೇಳಾಪಟ್ಟಿ ಮತ್ತೆ ಬರೆಯಿರಿ: ಯೋಜನೆಗೆ ಮೂರನೇ ಒಂದು, ಕೋಡಿಂಗ್‌ಗೆ ಆರನೇ ಒಂದು, ಉಳಿದ ಅರ್ಧ ಪರೀಕ್ಷೆಗೆ. ಎಲ್ಲರೂ ಕಡಿತ ಮಾಡುವುದು ಈ ಅರ್ಧವನ್ನೇ! ಆಮೇಲೆ ತೂಕದ ಲೆಕ್ಕ ತಪ್ಪಿ ಮಂಡಿಯಿಂದ ಫೋನ್ ಬರುತ್ತದೆ. ಐಬಿಎಂ ಯಂತ್ರಗಳ ಹಳೆಯ ವಿವರ ಹಾರಿಸಿ.

ಆವೃತ್ತಿ ಹೊರಬಂದ ಮೇಲೆ ಇಂಟೆಲ್ ಕಂಪನಿ ನಡೆಸಿದ್ದ ಆಂಡಿ ಗ್ರೋವ್ ಅವರ ‘ಹೈ ಔಟ್‌ಪುಟ್ ಮ್ಯಾನೇಜ್‌ಮೆಂಟ್’ (1983) ಓದಿ. ಅದರಿಂದ ಒಂದನ್ನೇ ಜಾರಿಗೆ ತನ್ನಿ: ಪ್ರತಿಯೊಬ್ಬರ ಜೊತೆ ಬೇರೆಯಾಗಿ ಒಂದು ಗಂಟೆ ಕೂರುವುದು, ಏನು ಮಾತಾಡಬೇಕೆಂದು ಅವರೇ ಬರೆದು ತರುವುದು.

ಓದಲು ಕೂತರೆ ನಿದ್ದೆ ಬರುವುದು ಬರೀ ದಣಿವಿನಿಂದಲೂ ಇರಬಹುದು. ಹಾಗಿದ್ದರೆ ಬೆಳಿಗ್ಗೆ, ಫೋನ್ ಮುಟ್ಟುವ ಮೊದಲು ಓದಿ ನೋಡಿ.