ಕ್ಯಾಲಿಫೋರ್ನಿಯಾದ ಥೀಮ್ ಪಾರ್ಕಿನಲ್ಲಿ 16ರ ಮಗಳಿಗೆ ಬೇಸಿಗೆ ಕೆಲಸ: ಏನೇನು ಬೇಕು?

ಮೊದಲು ವೀಸಾ ನೋಡಿ. ಮಗಳು ಎಚ್-4ರಲ್ಲಿದ್ದರೆ (ಎಚ್-1ಬಿ ಉದ್ಯೋಗ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ) ಸಂಬಳದ ಕೆಲಸ ಮಾಡುವಂತಿಲ್ಲ. ಗ್ರೀನ್ ಕಾರ್ಡ್ ಅರ್ಜಿಯ ಕೊನೇ ಹಂತದಲ್ಲಿ ಸಿಗುವ ಇಎಡಿ (ವಲಸೆ ಇಲಾಖೆ ಕೊಡುವ ಉದ್ಯೋಗ ಅನುಮತಿ ಕಾರ್ಡ್) ಕೈಗೆ ಬಂದಿದ್ದರೆ ಸರಿ. ಅಮೆರಿಕದ ಪ್ರಜೆಯಾದರೆ ಈ ತಲೆನೋವೇ ಇಲ್ಲ.

18 ತುಂಬದವರಿಗೆ ಬೇಸಿಗೆ ರಜೆಯಲ್ಲೂ ವರ್ಕ್ ಪರ್ಮಿಟ್ ಬೇಕು. ಅದನ್ನು ಕೊಡುವುದು ಶಾಲೆ, ಪಾರ್ಕ್ ಅಲ್ಲ. ಆದರೆ ಕೆಲಸ ಖಚಿತವಾಗದೆ ಕೇಳುವಂತಿಲ್ಲ: ಪರ್ಮಿಟ್ ಕೋರುವ ಬಿ1-1 ಫಾರಂನಲ್ಲಿ ಮಗಳು ತನ್ನ ವಿವರ ತುಂಬಬೇಕು, ನಿಮ್ಮದು, ಪಾರ್ಕಿನವರದು ಎರಡೂ ಸಹಿ ಇರಬೇಕು. ಬಹಳ ಜನ ಎಡವುವುದು ಇಲ್ಲೇ. ಜೂನ್ ಕೊನೆಗೆ ಫಾರಂ ಹಿಡಿದು ಹೋದರೆ ಶಾಲೆಯ ಕಚೇರಿಗೆ ಬೀಗ! ಮಾರ್ಚ್‌ನಲ್ಲೇ ಕೆಲಸಕ್ಕೆ ಅರ್ಜಿ ಹಾಕಿಸಿ.

ಸೇರಿದ 3 ಕೆಲಸದ ದಿನಗಳೊಳಗೆ ಐ-9ಕ್ಕೆ (ಗುರುತು ಮತ್ತು ಕೆಲಸ ಮಾಡುವ ಅರ್ಹತೆಯನ್ನು ಪರಿಶೀಲಿಸುವ ಫಾರಂ) ಮೂಲ ದಾಖಲೆ ತೋರಿಸಬೇಕು. ಅಮೆರಿಕದ ಪಾಸ್‌ಪೋರ್ಟ್ ಒಂದೇ ಸಾಕು. ಮೊಬೈಲಿನಲ್ಲಿರುವ ಫೋಟೊ ನಡೆಯದು.