ಔಷಧಿ ಹೊಡೆಯುವುದನ್ನು ಕಡಿಮೆ ಮಾಡಿಸುವ ಬಗ್ಗೆ

ಅಂಕೋಲಾ ಕಡೆ ನಾಟಿಯಾಗಿ ಇಪ್ಪತ್ತು ದಿನಕ್ಕೇ ಭತ್ತಕ್ಕೆ ಔಷಧಿ ಹೊಡೆಯುತ್ತಾರೆ, ಬಿಡಿಸುವುದು ಹೇಗೆ ಅಂತ ಕೇಳಿದ್ದೀರಿ. ಭಾಷಣದಿಂದ ಆಗುವುದಿಲ್ಲ, ರೈತರನ್ನು ಗದ್ದೆಗೇ ಇಳಿಸಿ.

ಒಪ್ಪಿದ ಒಬ್ಬರ ಗದ್ದೆಯಲ್ಲಿ ಒಂದು ಗುಂಟೆ ಹೊಡೆಯದೆ ಬಿಡಿ. ಪಕ್ಕದ್ದಕ್ಕೆ ಅವರು ಎಂದಿನಂತೆ ಹೊಡೆಯಲಿ. ವಾರಕ್ಕೊಮ್ಮೆ ಎಲ್ಲರೂ ಸೇರಿ ಬುಡ ಬಿಡಿಸಿ ನೋಡಿ. ಜೇಡ ಎಷ್ಟು, ಪೈರಿನ ರಸ ಹೀರುವ ಜಿಗಿಹುಳು ಎಷ್ಟು, ಸುಳಿ ಒಣಗಿದ್ದು ಎಷ್ಟು ಅಂತ ಅವರೇ ಎಣಿಸಲಿ. ಮೊದಲ 40 ದಿನ ಎಲೆ ತಿನ್ನುವ ಹುಳು ಮಾಡಿದ ಹಾನಿಯನ್ನು ಪೈರು ಸಾಮಾನ್ಯವಾಗಿ ತಾನೇ ತುಂಬಿಕೊಳ್ಳುತ್ತದೆ. ಆಗಲೇ ಹೊಡೆದರೆ ಜಿಗಿಹುಳುವನ್ನು ತಿನ್ನುವ ಜೇಡ ಸಾಯುತ್ತದೆ, ಆಮೇಲೆ ಕಂದು ಜಿಗಿಹುಳುವಿಗೆ ಹಿಡಿತವೇ ಇರುವುದಿಲ್ಲ. ಇಂಡೋನೇಷ್ಯಾದಲ್ಲಿ ಇದೇ ಕಾಟಕ್ಕೆ 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿದರು. 1989ರಿಂದ ಅಲ್ಲಿ ರೈತರಿಗೆ ಗದ್ದೆಯಲ್ಲೇ ಪಾಠ ಶುರುವಾಯಿತು.

‘ಹೊಡೆಯಲೇಬೇಡಿ’ ಅಂತ ಮಾತ್ರ ಹೇಳಬೇಡಿ. ಒಂದು ವರ್ಷ ಬೆಳೆ ಹೋದರೆ ಮತ್ತೆ ಯಾರೂ ನಿಮ್ಮ ಮಾತು ಕೇಳುವುದಿಲ್ಲ. ಸುಳಿ ಒಣಗಿದ್ದು ನೂರಕ್ಕೆ ಹತ್ತರ ಹತ್ತಿರ ಬಂದರೆ ಕ್ರಮ ಬೇಕೇ ಬೇಕು. ಯೂರಿಯಾ ಒಂದೇ ಸಲ ಸುರಿಯದೆ ಕಂತಿನಲ್ಲಿ ಹಾಕಿಸಿ, ಹುಳು ಅದಕ್ಕೇ ಜಾಸ್ತಿ ಬರುವುದು. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ನಾಟಿಗೆ ಮೊದಲೇ ಕರೆಯಿರಿ. ಔಷಧಿ ಅಂಗಡಿಯವರನ್ನೂ ಜೊತೆಗೆ ಕೂರಿಸಿ. ರೈತರು ಮೊದಲು ಕೇಳುವುದು ಅವರನ್ನೇ ಅಲ್ವಾ?